ಗಂಗವ್ವ ಈ ಸಲ ಸೆರಗು ಹೊದೆಯಲಿಲ್ಲ

ಅತ್ತೆವ್ವಾ,

ಶಿಗ್ಗಾಂವಿಯ ಕಲ್ಯಾಣಮಂಟಪದಲ್ಲಿ ನಮ್ಮ ಸಿನಿಮಾದ ಎರಡನೇ ಭಾಗ ತೋರಿಸಿದ ದಿನ ನೀವು ಇರಬೇಕಿತ್ತು. ಕಿಟಕಿಗಳಿಗೆಲ್ಲ ಶಾಮಿಯಾನದ ಬಟ್ಟೆ ಕಟ್ಟಿ ಮಧ್ಯಾಹ್ನವನ್ನು ಕತ್ತಲು ಮಾಡಿದ್ದೆವು. ಪರದೆಯ ಮೇಲೆ ಎಲೆಬಳ್ಳಿ ಅಲುಗಾಡಿತು, ದೆವ್ವ ಹೊರಗೆ ಬಂತು. ಕೂಡಲೇ ಇಡೀ ಮಂಟಪ ಕೆಮ್ಮಿತು. ಮುದುಕರು, ಕಾಲೇಜಿನ ಹುಡುಗಿಯರು, ಕೂಸು ಎತ್ತಿಕೊಂಡ ಹೆಂಗಸರು, ಎಲ್ಲರೂ ಒಟ್ಟಿಗೆ ಗಂಟಲು ಸರಿಮಾಡಿಕೊಂಡರು. ಮೊದಲ ಭಾಗದಲ್ಲಿ ಹಿರಿಯರು ಕೆಮ್ಮಿದರೆ ನಿಮ್ಮ ಗಂಗವ್ವ ಸೆರಗು ಹೊದ್ದು ಪಕ್ಕಕ್ಕೆ ಸರಿಯುತ್ತಿದ್ದಳಲ್ಲ? ಈ ಸಲವೂ ಹಾಗೇ ಆಗುತ್ತದೆಂದು ನಗಲು ಬಾಯಿ ತೆರೆದುಕೊಂಡೇ ಕುಳಿತಿದ್ದರು. ದೆವ್ವ ಸೆರಗು ಮುಟ್ಟಲಿಲ್ಲ.

ಆಮೇಲೆ ಮುಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. "ಇದು ನಮ್ಮ ಗಂಗವ್ವ ಅಲ್ರಪಾ! ಇಕಿ ಯಾವಾಕಿನೋ!" ಎಂದು ಕೂಗಿದ. ಹೆಂಗಸರ ಕಡೆಯಿಂದ ಹಾನಗಲ್ಲಿನ ಒಬ್ಬಾಕೆ, "ನೀ ಕೆಳಗ ಕುಂದರೋ, ಚಲೋ ಮಾಡ್ಯಾಳ ಬಿಡು!" ಎಂದಳು. ಅರ್ಧ ಮಂಟಪ ಚಪ್ಪಾಳೆ ಹೊಡೆಯಿತು, ಅರ್ಧ ಮಂಟಪ ಬೈಯಿತು. ನಾನು ಬಾಗಿಲ ಹತ್ತಿರ ನಿಂತು ಬೆವರುತ್ತಿದ್ದೆ. ನಿಮ್ಮ ಮಾತು ಕೇಳಿ ನಿಮ್ಮನ್ನೇ ಕಳೆದುಬಿಟ್ಟೆನೇ ಎಂಬ ಭಯ ಅಲ್ಲಿ ಹತ್ತಿದ್ದು ಇಷ್ಟು ದಿನ ಬಿಟ್ಟಿರಲಿಲ್ಲ.

ಮೊದಲ ಭಾಗ ಶುರುವಾದ ಆಷಾಢ ನೆನಪಿದೆಯೇ? ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಗಳಿಲ್ಲದಿದ್ದರೆ ಸವಣೂರಿನಲ್ಲಿ ವಿಡಿಯೋ ಸ್ಟುಡಿಯೋ ಇಟ್ಟ ನಿಮ್ಮ ಮಗನಿಗೆ ಕೆಲಸವಿಲ್ಲ. ಕ್ಯಾಮೆರಾ ಒರೆಸಿ ಒರೆಸಿ ಬೇಸತ್ತು, "ಒಂದು ದೆವ್ವದ ಸಿನಿಮಾ ಮಾಡೂಣು" ಎಂದರು. ಕಥೆ ನಾನು ಬರೆದೆ. ನಮ್ಮ ಎಲೆತೋಟದಲ್ಲಿ ಗಂಗವ್ವ ಎಂಬ ಒಂದು ದೆವ್ವ. ಅದರ ಹತ್ತಿರ ಎಲೆ ಇದೆ, ಅಡಿಕೆ ಇದೆ, ಸುಣ್ಣ ಇಲ್ಲ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಸುಣ್ಣ ಕೇಳುತ್ತದೆ. ಕುಡುಗೋಲಿನ ತುದಿಯಲ್ಲಿ ಕೊಟ್ಟವನು ಉಳಿಯುತ್ತಾನೆ, ಬರಿಗೈಯಲ್ಲಿ ಕೊಟ್ಟವನ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ಇದೆಲ್ಲ ನೀವೇ ರೊಟ್ಟಿ ಬಡಿಯುತ್ತಾ ನನಗೆ ಹೇಳಿದ್ದು ತಾನೇ? ಹೀರೋ ಆಗಲು ಟೇಲರ್ ಮಹಬೂಬಣ್ಣ ಒಪ್ಪಿದ. ದೆವ್ವ ಆಗಲು ಯಾರೂ ಸಿಗಲಿಲ್ಲ. ಕೇಳಿದ ಹೆಂಗಸರೆಲ್ಲ, "ನಾಳೆ ನಮ್ಮ ಮಗಳಿಗೆ ವರಾ ಬರಬ್ಯಾಡೇನ್ರಿ?" ಎಂದು ಕೈಮುಗಿದರು. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ನಿಮ್ಮ ದನಿ ಬಂತು. "ನಾ ಆಗ್ತೇನಿ ತಗೋರಿ. ನನಗೇನ್ ಇನ್ನ ವರಾ ನೋಡೂದೈತೇನ?"

ನಿಮಗೆ ಬಣ್ಣ ಹಚ್ಚಲು ಕುಳಿತಾಗ ನನಗೆ ಕೆಲಸವೇ ಇರಲಿಲ್ಲ. ದಿನವಿಡೀ ಎಲೆ ಹಾಕುವ ನಿಮ್ಮ ಬಾಯಿ ಆಗಲೇ ರಕ್ತ ಕುಡಿದಂತಿತ್ತು. ಕೂದಲು ಬಿಚ್ಚಿ ಹಣೆಗೆ ಒಂದಿಷ್ಟು ವಿಭೂತಿ ಬಳಿದೆವು, ದೆವ್ವ ತಯಾರು. ಮಟಮಟ ಮಧ್ಯಾಹ್ನ ಶೂಟ್ ಮಾಡಿ ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಮಾಡಿ ಅದನ್ನೇ ರಾತ್ರಿ ಎಂದರು ನಿಮ್ಮ ಮಗ. ಆ ರಾತ್ರಿಯಲ್ಲಿ ಮಹಬೂಬಣ್ಣನ ನೆರಳು ಅವನ ಕಾಲ ಕೆಳಗೇ ಬಿದ್ದಿದೆ. ನೀವು ಅವನ ಕುತ್ತಿಗೆಗೆ ಕೈ ಹಾಕುವ ಮೊದಲು ಬೆವರು ಒರೆಸಿಕೊಳ್ಳುತ್ತೀರಿ. ಈಗಲೂ ಜನ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ನಗುತ್ತಾರೆ.

ಆ ಶಾಟು, ಅತ್ತೆವ್ವಾ. ಮಹಬೂಬಣ್ಣ ಸುಣ್ಣದ ಡಬ್ಬಿ ಹಿಡಿದು ನಡುಗುತ್ತಾ ನಿಂತಿದ್ದ. ನೀವು ಎರಡೂ ಕೈ ಚಾಚಿ, ಕಣ್ಣು ಅಗಲಿಸಿ, ನಾಲಿಗೆ ತೆಗೆದು ಅವನ ಮೇಲೆ ಬೀಳಬೇಕು. ಅಷ್ಟರಲ್ಲಿ ತಮ್ಮ ತೋಟದಲ್ಲಿ ಇದೇನು ಗದ್ದಲ ಎಂದು ನೋಡಲು ದೊಡ್ಡಮಾವ ಬಂದರು. ನಿಮ್ಮ ಭಾವ. ಹೆಂಗಸರಿರುವ ಕಡೆ ಬರುವ ಮೊದಲು ಕೆಮ್ಮುವುದು ಅವರ ಪದ್ಧತಿ. ಬದುವಿನ ಆಚೆ ಒಂದು ಕೆಮ್ಮು ಕೇಳಿತು, ಅಷ್ಟೇ. ಚಾಚಿದ ಕೈ ಹಾಗೇ ಹಿಂದೆ ಬಂದು ಸೆರಗನ್ನು ಹಣೆಯವರೆಗೆ ಎಳೆಯಿತು. ನೀವು ಬಳ್ಳಿಯ ಮರೆಗೆ ಸರಿದು ಬೆನ್ನು ತಿರುಗಿಸಿ ನಿಂತುಬಿಟ್ಟಿರಿ. ಕೊಲ್ಲಲು ಬಂದ ದೆವ್ವ! ನಲವತ್ತು ವರ್ಷದ ರೂಢಿ ಅದು, ನಿಮ್ಮನ್ನು ಕೇಳಿ ಆದದ್ದಲ್ಲ. ಮಹಬೂಬಣ್ಣ ಇದೂ ಕಥೆಯಲ್ಲಿದೆ ಎಂದುಕೊಂಡು ಬಿದ್ದು ಎದ್ದು ಓಡಿದ. ಕ್ಯಾಮೆರಾ ತಿರುಗುತ್ತಲೇ ಇತ್ತು.

ನೀವೇ ಅಲ್ಲವೇ ಅದನ್ನು ತೆಗೆಯಿರಿ ಎಂದು ಗೋಗರೆದದ್ದು? ನಿಮ್ಮ ಮಗ ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದೇ ಆಯಿತು. ಯೂಟ್ಯೂಬಿಗೆ ಹಾಕಿದ ಮೇಲೆ ಜನ ಮುಗಿಬಿದ್ದು ನೋಡಿದ್ದು ಆ ಶಾಟನ್ನೇ. ಸವಣೂರಿನ ಖಾರದ ಅಂಗಡಿಯಲ್ಲಿ ನಿಮ್ಮನ್ನು ಕಂಡರೆ ಮಾಲೀಕರೇ ಎದ್ದು ಕೆಮ್ಮುತ್ತಿದ್ದರು, ನೀವು ಸೆರಗು ಎಳೆದು ಆಟ ಆಡಿಸುತ್ತಿದ್ದಿರಿ. ಹಿರೇಕೆರೂರಿನ ಮದುವೆಯೊಂದರಲ್ಲಿ ಜನ ಮದುಮಗಳನ್ನು ಬಿಟ್ಟು ನಿಮ್ಮ ಜೊತೆ ಫೋಟೋ ತೆಗೆಸಿಕೊಂಡರು. ನಿಮ್ಮ ತವರು ಯಲವಿಗಿಗೆ ಹೋದರೆ ಸ್ಟೇಷನ್ನಿನಲ್ಲಿ ಇಳಿಯುವಾಗಲೇ "ಗಂಗವ್ವ ಬಂದ್ಲು, ಸುಣ್ಣ ಮುಚ್ಚಿಡ್ರಿ" ಎನ್ನುತ್ತಿದ್ದರು. ನಿಮಗೆ ಎಷ್ಟು ಖುಷಿ ಆಗುತ್ತಿತ್ತು! ಬಸ್ಸಿನಲ್ಲಿ ಯಾರೂ ಗುರುತು ಹಿಡಿಯದಿದ್ದರೆ ಬೇಕಂತಲೇ ಎಲೆ ತೆಗೆದು ಪಕ್ಕದವರನ್ನು "ಸುಣ್ಣ ಐತೇನ್ರಿ?" ಎಂದು ಕೇಳುತ್ತಿದ್ದಿರಿ. ನನಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗುತ್ತಿದ್ದೆ. ಈಗ ಆ ಪಕ್ಕದ ಸೀಟು...

ದೊಡ್ಡಮಾವ ಮಾತ್ರ ಸಿನಿಮಾ ನೋಡಲಿಲ್ಲ. ಬೈಯಲೂ ಇಲ್ಲ. ಎಂದಿನಂತೆ ಪಡಸಾಲೆಯಲ್ಲಿ ಕುಳಿತರು. ಎಂದಿನಂತೆ ನೀವು ಎಲೆ ಹಚ್ಚಿ ತಟ್ಟೆಯಲ್ಲಿಟ್ಟು ನನ್ನ ಕೈಯಲ್ಲಿ ಕಳಿಸಿದಿರಿ. ಒಂದೇ ಮನೆ, ಒಂದೇ ಒಲೆ, ನಡುವೆ ಒಂದು ಗೋಡೆ. ನಾನು ಈ ಮನೆಗೆ ಬಂದ ಮೇಲೆ ನೀವಿಬ್ಬರೂ ಎದುರುಬದುರು ಒಂದು ಮಾತು ಆಡಿದ್ದು ನೋಡಲೇ ಇಲ್ಲ. ನಾನಾದರೂ ಫೋನಿನಲ್ಲಿ ಮಾತಾಡುತ್ತಾ ಅವರ ಮುಂದೆಯೇ ಓಡಾಡುತ್ತಿದ್ದೆ. ಅವರು ಕೆಮ್ಮಿದಾಗ ಅರ್ಧ ಸೆರಗು ಎಳೆದರೆ ನನ್ನ ಲೆಕ್ಕ ಮುಗಿಯಿತು. ನೀವು ಹಾಗಲ್ಲ.

ಕೊನೆಯ ಬೇಸಿಗೆಯಲ್ಲಿ ನಿಮಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಾಲುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಎಲೆ ಬಿಡಿಸಿದ್ದರು, ಅದಕ್ಕೇ ಹೆಚ್ಚು ಸಿಟ್ಟು ನಿಮಗೆ. ಒಂದು ಮಧ್ಯಾಹ್ನ ನಾನು ಎರಡನೇ ಭಾಗದ ಕಥೆ ಓದಿ ಹೇಳುತ್ತಿದ್ದೆ. ದೆವ್ವ ಬರುತ್ತದೆ, ಹಿರಿಯರು ಕೆಮ್ಮುತ್ತಾರೆ, ದೆವ್ವ ಸೆರಗು ಹೊದೆಯುತ್ತದೆ ಎಂದೆ. ನೀವು ಕೈ ಎತ್ತಿ ನಿಲ್ಲಿಸಿದಿರಿ.

"ಸತ್ತ ಮ್ಯಾಲೂ ಹೊದ್ಕೋಬೇಕೇನ ನೀಲಾ?"

ನಾನು ನಕ್ಕೆ. ನೀವೂ ನಕ್ಕಿರಿ, ಆದರೆ ನಿಮ್ಮ ನಗು ನನ್ನದಕ್ಕಿಂತ ಮೊದಲೇ ನಿಂತಿತು. "ಈ ಸಲ ಗಂಗವ್ವ ಹೊದ್ಕೊಳ್ಳೂದು ಬ್ಯಾಡ. ನೆಟ್ಟಗ ನಿಂತು ಹಿರ್ಯಾನ ಮಾರಿ ನೋಡಿ ಮಾತಾಡ್ಲಿ. ನನ್ನ ಕಡೆ ಇನ್ನ ಆಗೂದಿಲ್ಲ, ನೀ ದೆವ್ವ ಆಗು. ದನಿ ನಂದ ತಗೋ," ಎಂದಿರಿ. ನಾಲ್ಕು ಮಧ್ಯಾಹ್ನ ನನ್ನ ಫೋನಿಗೆ ಗಂಗವ್ವನ ಮಾತುಗಳನ್ನೆಲ್ಲ ಹೇಳಿದಿರಿ, ಒಂದು ಸಾಲು ಹೇಳಿ ಎರಡು ಸಾಲಿನಷ್ಟು ಹೊತ್ತು ಉಸಿರು ಎಳೆದುಕೊಳ್ಳುತ್ತಾ. ಮುಗಿದ ಮೇಲೆ ನನ್ನ ಕೈ ಹಿಡಿದಿರಿ. "ವೀರೇಶಗ ಹೇಳಬ್ಯಾಡ. ಅವ್ವ ಇಷ್ಟ ವರ್ಷ ಒಳಗೊಳಗ ಕುದ್ದಾಳ ಅನ್ಕೋತಾನ. ಹಂಗೇನೂ ಇಲ್ಲವ್ವಾ. ಒಮ್ಮೆ ಮಾತಾಡಬೇಕಿತ್ತು, ಅಷ್ಟ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನೀವು ಹೋದ ಮೇಲಿನ ಆಷಾಢದಲ್ಲಿ ನಿಮ್ಮ ಇಳಕಲ್ ಸೀರೆ ಉಟ್ಟು ನಾನು ದೆವ್ವವಾದೆ. ಕೆಮ್ಮುವ ಹಿರಿಯನಾಗಿ ಮಹಬೂಬಣ್ಣನೇ ಹತ್ತಿಯ ಮೀಸೆ ಅಂಟಿಸಿಕೊಂಡು ನಿಂತ, ಸೆಕೆಗೆ ಆ ಮೀಸೆ ಒಂದು ಕಡೆ ಜೋತುಬಿದ್ದಿತ್ತು. ಬಾಯಿ ತುಂಬ ಎಲೆ ತುಂಬಿಕೊಂಡಿದ್ದರಿಂದ ನನ್ನ ತುಟಿ ಏನು ಹೇಳುತ್ತಿದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಅದು ನನಗೆ ಅನುಕೂಲವೇ ಆಯಿತು. ದನಿ ಕೂಡಿಸುವ ಕೆಲಸ ನಾನೇ ಮಾಡುತ್ತೇನೆಂದು ಹಟ ಹಿಡಿದು, ನಿಮ್ಮ ದನಿಗೆ ಸ್ವಲ್ಪ ಗುಂಯ್ ಗುಂಯ್ ಸೇರಿಸಿದೆ. ನಿಮ್ಮ ಮಗ ಕೇಳಿ, "ಅವ್ವನ ದನಿ ಚಲೋ ತಗದೀ," ಎಂದರು. ನಿಮ್ಮ ದನಿಯಲ್ಲಿ ಹಾಲಿನವನನ್ನು ಬೈದು ನಿಮ್ಮನ್ನೇ ನಗಿಸುತ್ತಿದ್ದವಳಲ್ಲವೇ ನಾನು, ನಂಬಿದರು. ಸೆರಗಿನ ದೃಶ್ಯಕ್ಕೆ ಮಾತ್ರ ಜಗಳವಾಯಿತು. "ಜನ ಬರೂದ ಅದನ್ನ ನೋಡಾಕ, ಅದನ್ನ ತಗದ್ರ ಉಳಿಯೂದೇನು?" ಎಂದರು. ಕಥೆ ನನ್ನದು, ಹೀಗೇ ಇರಲಿ ಎಂದೆ. ಯಾಕೆಂದು ಹೇಳುವಂತಿರಲಿಲ್ಲ.

ಶಿಗ್ಗಾಂವಿಯ ಆ ಪ್ರದರ್ಶನವಾಗಿ ಯೂಟ್ಯೂಬಿಗೂ ಹಾಕಿದ ಮೇಲೆ ಊರೂರೇ ಎರಡು ಭಾಗವಾಯಿತು. ಹಾನಗಲ್ಲಿನ ಹೆಂಗಸರು ಫೋನ್ ಮಾಡಿ, ನಮ್ಮ ಮನೆಯ ಹಿರಿಯರಿಗೂ ತೋರಿಸಿದೆವು ಎಂದರು. ಸವಣೂರಿನ ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಎದ್ದು ನಿಂತು, ದೆವ್ವಕ್ಕೂ ಒಂದು ಮರ್ಯಾದೆ ಬೇಡವೇ ಎಂದು ವಾದ ಮಾಡಿದನಂತೆ. ಹಿರೇಕೆರೂರಿನವರು ಎರಡನೇ ಭಾಗವೇ ಸುಳ್ಳು, ಗಂಗವ್ವನದು ಒಂದೇ ಸಿನಿಮಾ ಎಂದು ತೀರ್ಪು ಕೊಟ್ಟರು. ಇದಕ್ಕೆಲ್ಲ ನಗಬಹುದಿತ್ತು, ನಕ್ಕೂ ಇದ್ದೆ. ನಗು ನಿಂತಿದ್ದು ಯೂಟ್ಯೂಬಿನಲ್ಲಿ ಜನ ದನಿಯ ಬಗ್ಗೆ ಬರೆದದ್ದನ್ನು ಓದಿದಾಗ. "ದನಿ ನಕಲು." "ಗಂಗವ್ವನ ದನಿ ಹಿಂಗ ಇರಲಿಲ್ಲ." "ಸೊಸಿ ಅತ್ತಿ ಹಂಗ ಮಾತಾಡಾಕ ಹೋಗಿ ಕೆಟ್ಟಾಳ." ಒಬ್ಬರಲ್ಲ, ಇಬ್ಬರಲ್ಲ. ಉಸಿರಿಲ್ಲದೆ ನಾಲ್ಕು ಮಧ್ಯಾಹ್ನ ಕುಳಿತು ನೀವು ಕೊಟ್ಟ ದನಿಯನ್ನು ನಿಮ್ಮನ್ನು ಪ್ರೀತಿಸುವ ಜನವೇ ನಕಲು ಎನ್ನುತ್ತಿದ್ದರೆ ನಾನು ಯಾರಿಗೆ ಹೇಳಲಿ? ಹಿತ್ತಲಲ್ಲಿ ನಿಂತು ಅತ್ತುಬಿಟ್ಟೆ.

ಮನೆಯೊಳಗೂ ಮಾತು ನಿಂತಿತು. "ಅವ್ವನ್ನ ಜನ ನೆನಸೂದು ಆ ಸೆರಗಿನಿಂದ. ನೀ ಅದನ್ನ ಕಿತ್ತಿ," ಎಂದು ನಿಮ್ಮ ಮಗ ಒಮ್ಮೆ ಹೇಳಿದವರು ಆಮೇಲೆ ಊಟಕ್ಕೆ ಬಾ ಎನ್ನುವಷ್ಟು ಮಾತ್ರ ಮಾತಾಡಿದರು. ಕಳೆದ ವಾರ ಮಹಬೂಬಣ್ಣನಿಗೆ ಹೇಳಿ ಕಳಿಸಿದರು: ಸೋಮವಾರ ಬಾ, ಆ ದೃಶ್ಯ ಮತ್ತೆ ತೆಗೆಯೋಣ, ಈ ಸಲ ಗಂಗವ್ವ ಸೆರಗು ಹೊದೆಯುತ್ತಾಳೆ, ಮಾತೂ ಬೇಡ. ನನ್ನನ್ನು ಕೇಳಿದಾಗ ಆಗಲಿ ಎಂದೆ. ಅತ್ತೆವ್ವಾ, ನಿಮ್ಮ ಮುಂದೆ ಸುಳ್ಳು ಹೇಳಲಾರೆ, ಸೋತುಹೋಗಿದ್ದೆ. ಸೀರೆ ಒಗೆದು ಮಡಿಚಿಟ್ಟೂ ಆಗಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮಾವ ಪಡಸಾಲೆಯಿಂದ ನಿಮ್ಮ ಮಗನನ್ನು ಕರೆದರು. "ಊರಾಗ ಎಲ್ಲಾರೂ ಕೇಳಾಕತ್ತಾರ. ಅದೇನೈತಿ ತೋರಸು," ಎಂದರು. ಅವರು ಕುಳಿತ ಹೊರಸಿನ ಮುಂದೆ ಸ್ಟೂಲಿಟ್ಟು ಕಂಪ್ಯೂಟರ್ ಇಟ್ಟೆವು. ನಾನು ತಲೆಯ ಮೇಲೆ ಸೆರಗು ಎಳೆದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮಹಬೂಬಣ್ಣನ ಮೀಸೆಗೆ ಅವರು ನಗಲಿಲ್ಲ. ಬಾವಲಿಗಳೆಂದು ನಾವು ಹಾರಿಸಿದ ಕಪ್ಪು ಕೊಡೆಗಳಿಗೂ ನಗಲಿಲ್ಲ. ಗಂಗವ್ವ ಬಳ್ಳಿಯಿಂದ ಹೊರಬಂದಳು, ಮಹಬೂಬಣ್ಣ ಕೆಮ್ಮಿದ, ಗಂಗವ್ವ ಅವನ ಮುಖವನ್ನೇ ನೋಡಿದಳು.

"ಭಾವಾರ, ನಲವತ್ತು ವರ್ಷ ನಿಮಗ ಎಲಿ ಹಚ್ಚಿ ಕೊಟ್ಟೇನಿ. ಒಂದ ದಿನ ಸುಣ್ಣ ಕೊಡಾಕ ಏನಾಗೇತ್ರಿ ನಿಮಗ?"

"ನಿಲ್ಲಸು," ಎಂದರು ದೊಡ್ಡಮಾವ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ವೀರೇಶಾ, ಈ ದನಿ ಯಾರದು?"

"ನೀಲಾನ ದನಿ ರೀ ದೊಡ್ಡಪ್ಪಾ. ಅವ್ವನ ಹಂಗ ತಗೀತಾಳ."

"ಅಲ್ಲ. ಇದು ಶಾಂತವ್ವನ ದನಿ."

ನಿಮ್ಮ ಹೆಸರು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಿಮ್ಮ ಮಗನಿಗೆ ಸಿಟ್ಟೇ ಬಂತು. "ನಿಮಗ ಹೆಂಗ ಗೊತ್ತಾಗಬೇಕ್ರಿ? ಅವ್ವ ನಿಮ್ಮ ಮುಂದ ಒಂದ ಮಾತರ ಆಡಿದ್ಲೇನು?"

"ಅದಕ್ಕ ಗೊತ್ತು," ಎಂದರು ಅವರು. "ನೀವೆಲ್ಲ ಆಕಿ ಮಾರಿ ನೋಡಕೋತ ಮಾತು ಕೇಳೀರಿ. ನಾ ನಲವತ್ತು ವರ್ಷ ಬರೇ ದನಿ ಕೇಳೇನಿ, ಈ ಗ್ವಾಡಿ ಈಚೆ ಕುಂತು. ಆಕಿ ನಕ್ಕಿದ್ದು, ನಿನ್ನ ಬೈದಿದ್ದು, ನಿಮ್ಮಪ್ಪ ಹ್ವಾದಾಗ ಅತ್ತಿದ್ದು. ಕಡೀಕ ಕಡೀಕ ದನಿ ತೆಳ್ಳಗಾಗಿತ್ತು, ಅದೂ ಗೊತ್ತು. ಇದು ಆ ದನಿ."

ನಿಮ್ಮ ಮಗ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಕೊಟ್ಟ ಮಾತು ಮುರಿದೆ ಅತ್ತೆವ್ವಾ, ಕ್ಷಮಿಸಿ. ಇನ್ನು ಮುಚ್ಚಿಡಲು ನನ್ನ ಕೈಲಾಗಲಿಲ್ಲ. ದೊಡ್ಡಮಾವ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ನನ್ನನ್ನು ಉದ್ದೇಶಿಸಿ, "ನಾ ಆಕಿಗೆ ಸೆರಗ ಹೊದ್ಕೋ ಅಂತ ಎಂದೂ ಅಂದಾಂವ ಅಲ್ಲವ್ವಾ," ಎಂದರು.

"ಬ್ಯಾಡ ಅಂತನೂ ಅನ್ನಲಿಲ್ಲಲ್ರಿ," ಎಂದುಬಿಟ್ಟೆ. ಎಲ್ಲಿಂದ ಬಂತೋ ಆ ಮಾತು, ಅವರ ಮುಖ ನೋಡಿಯೇ ಅಂದೆ. ನಿಮ್ಮ ಮಗ ಗಾಬರಿಯಾಗಿ ಎದ್ದು ನಿಂತರು.

ಅವರು ಸಿಟ್ಟಾಗಲಿಲ್ಲ. "ಹೌದು," ಎಂದರು. "ಅನ್ನಲಿಲ್ಲ." ಕಂಪ್ಯೂಟರಿನ ಕಡೆ ಕೈ ಮಾಡಿ, "ಇನ್ನೊಮ್ಮೆ ಹಚ್ಚು," ಎಂದರು. ನಿಮ್ಮ ಮಗ ಹಚ್ಚಿದರು. ಅದು ಮುಗಿದ ಮೇಲೆ ಮತ್ತೊಮ್ಮೆ ಎಂದರು. ಒಂದು ಕೈ ಕಿವಿಯ ಹಿಂದೆ ಇಟ್ಟುಕೊಂಡು, ಪರದೆಯ ಕಡೆ ನೋಡದೆ, ಬರೀ ಕೇಳುತ್ತಿದ್ದರು. ಎಪ್ಪತ್ತೆಂಟರ ಮುದುಕ ಹಾಗೆ ಕುಳಿತದ್ದು ನೋಡಿ ಅವರ ಮೇಲೆ ಇಷ್ಟು ವರ್ಷ ನಿಮ್ಮ ಪರವಾಗಿ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ನಿಮಗೆ ಅವರ ಮೇಲೆ ಸಿಟ್ಟಿತ್ತೇ? ಒಮ್ಮೆಯಾದರೂ ಕೇಳಬೇಕಿತ್ತು ನಾನು.

ಸೋಮವಾರ ಬೆಳಿಗ್ಗೆ ನಿಮ್ಮ ಮಗ ಮಹಬೂಬಣ್ಣನಿಗೆ ಫೋನ್ ಮಾಡಿ, "ಬರೂದು ಬ್ಯಾಡ, ಹೆಂಗೈತಿ ಹಂಗ ಇರ್ತೈತಿ," ಎಂದರು. ಸಿನಿಮಾದ ಮೊದಲಿಗೆ ಒಂದು ಸಾಲು ಸೇರಿಸಿದ್ದಾರೆ: ಗಂಗವ್ವನ ದನಿ, ಶಾಂತವ್ವ. ಅದನ್ನು ಓದಿ ಹಿರೇಕೆರೂರಿನವರು ಇದೂ ಒಂದು ಸುಳ್ಳು ಎಂದು ಬರೆದಿದ್ದಾರೆ. ಹಾನಗಲ್ಲಿನವರು ಅವರನ್ನು ಬೈದಿದ್ದಾರೆ. ನಡೆಯಲಿ ಬಿಡಿ.

ಇವತ್ತು ಸಂಜೆ ಸ್ಟುಡಿಯೋ ಮುಚ್ಚಿ ಬಂದ ನಿಮ್ಮ ಮಗ ನನ್ನ ಪಕ್ಕ ಕುಳಿತು, "ಆ ಫೋನಿನಾಗಿಂದು ಪೂರಾ ಕೇಳಸು," ಎಂದರು. ನಾಲ್ಕೂ ಮಧ್ಯಾಹ್ನಗಳನ್ನು ಕೇಳಿಸಿದೆ. ಅವರು ಗಲ್ಲಕ್ಕೆ ಕೈ ಕೊಟ್ಟು ನೆಲ ನೋಡುತ್ತಿದ್ದರು. ಕೊನೆಯ ದಿನದ ಕೊನೆಯ ತುಣುಕು ಬಂತು. ನಾನು ಸಿನಿಮಾಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು. ಅದರಲ್ಲಿ ನಾನು ಅಳುತ್ತಾ ಮೂಗು ಎಳೆದುಕೊಳ್ಳುವ ಸಪ್ಪಳವಿದೆ, ಆಮೇಲೆ ನೀವು: "ಏ ನೀಲಾ, ನೀ ಹಿಂಗ ಮೂಗ ಒರಸ್ಕೋತ ಕುಂತ್ರ ನಾ ದೆವ್ವ ಹೆಂಗ ಆಗ್ಲಿ? ಹೊರಗ ಹೋಗಿ ಅಳು. ನನ್ನ ಸೀನ್ ಕೆಡಸಬ್ಯಾಡ."

ನಿಮ್ಮ ಮಗ ನಕ್ಕರು ಅತ್ತೆವ್ವಾ, ಪಡಸಾಲೆಗೆ ಕೇಳುವಷ್ಟು ಜೋರಾಗಿ. ನೀವು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು. ನಾನು ಹೊರಗೆ ಹೋಗಿ ಅಳಿರಿ ಎನ್ನಲಿಲ್ಲ.

ನಿಮ್ಮ ಸೊಸೆ,
ನೀಲಾ